ಅತ್ತೆಯ ರುಜು

ನಮ್ಮ ಮನೆಯಲ್ಲಿ ವೋಟು ಹಾಕುವುದೆಂದರೆ ಟ್ಯಾಕ್ಸ್ ಫೈಲ್ ಮಾಡಿದ ಹಾಗೆ. ಅಕ್ಟೋಬರಿನಲ್ಲಿ ಪೋಸ್ಟಿನಲ್ಲಿ ಮೂರು ದಪ್ಪ ಕವರು ಬರುತ್ತವೆ. ನನ್ನ ಗಂಡ ರಘು ಅವನ್ನು ಫ್ರಿಜ್ಜಿನ ಮೇಲೆ ಎತ್ತಿಟ್ಟು, ಒಂದು ಭಾನುವಾರ ಊಟದ ಟೇಬಲ್ಲಿನ ಮೇಲೆ ಲ್ಯಾಪ್‌ಟಾಪು, ಕಪ್ಪು ಪೆನ್ನು, ಕಾಫಿ ಇಟ್ಟುಕೊಂಡು ಕೂರುತ್ತಾನೆ. ತನ್ನದನ್ನು ತುಂಬುತ್ತಾನೆ. ಅವನ ಅಮ್ಮನದನ್ನೂ ತುಂಬುತ್ತಾನೆ. ನನ್ನ ಕವರಿಗೆ ಮಾತ್ರ ಕೈ ಹಾಕುವುದಿಲ್ಲ. ನಾನು ಸಿಟಿಜನ್ ಆದ ಮೊದಲ ಚುನಾವಣೆಯಲ್ಲೇ ಎಗರಾಡಿದ ಮೇಲೆ ಆ ವಿಷಯ ಇತ್ಯರ್ಥವಾಗಿದೆ.

ಅತ್ತೆಯ ಕವರಿನ ಹಿಂದೆ ಸಹಿ ಹಾಕುತ್ತಿದ್ದವನೂ ರಘುವೇ. ಅತ್ತೆಯ ಹೆಸರು ಜವರಮ್ಮ. ಮಂಡ್ಯದ ಕಡೆಯವರು, ಎಪ್ಪತ್ತೈದು ದಾಟಿದ್ದಾರೆ, ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ಲಿವರ್‌ಮೋರಿನ ನಮ್ಮ ಮನೆಗೆ ಬಂದು ಹದಿನೆಂಟು ವರ್ಷವಾಯಿತು. ಅವರು ಸಿಟಿಜನ್ ಆದ ದಿನ ಯಾರೋ ಕೈಗೆ ಕೊಟ್ಟ ವೋಟರ್ ಫಾರಮನ್ನು ರಘು ಮನೆಗೆ ತಂದು, ತಾನೇ ತುಂಬಿ, ಕೆಳಗೆ ಇಂಗ್ಲಿಷಿನಲ್ಲಿ ಅವರ ಹೆಸರನ್ನು ಸೊಗಸಾಗಿ ಬಾಗಿಸಿ ಬರೆದು ಕಳಿಸಿಬಿಟ್ಟಿದ್ದ. ಇದು ತಪ್ಪೆಂದು ನಮ್ಮಲ್ಲಿ ಯಾರಿಗೂ ಹೊಳೆಯಲೇ ಇಲ್ಲ. ರೇಷನ್ ಅಂಗಡಿಯಿಂದ ಗ್ಯಾಸ್ ಏಜೆನ್ಸಿಯವರೆಗೆ ಮನೆಯ ಗಂಡಸೇ ಎಲ್ಲರ ಪರವಾಗಿ ಗೀಚುವುದನ್ನು ನೋಡಿ ಬೆಳೆದವರು ನಾವು. ಅಮ್ಮನ ಸೈನು ಮಗ ಹಾಕಿದರೆ ಅದು ಸೇವೆ ಎಂದೇ ನಮ್ಮ ಎಣಿಕೆ.

ಈ ನವೆಂಬರಿನದು ಇಡೀ ರಾಜ್ಯದ ಚುನಾವಣೆ. ನಮ್ಮ ಕಡೆಯ ಮುಖ್ಯಮಂತ್ರಿಯ ಹಾಗಿರುವ ಗವರ್ನರಿನಿಂದ ಹಿಡಿದು ನೀರಿನ ಬೋರ್ಡಿನವರೆಗೆ ಹೆಸರುಗಳು, ಅವುಗಳ ಬಾಲದಲ್ಲಿ ಮೆಜರುಗಳು. ಮೆಜರು ಎಂದರೆ ಜನರ ಮುಂದಿಡುವ ಪ್ರಶ್ನೆ: ಇದು ಬೇಕೋ ಬೇಡವೋ, ಯೆಸ್ ಅಂತಲೋ ನೋ ಅಂತಲೋ. ಅತ್ತೆ ಅದನ್ನು ಮೇಜರು ಎನ್ನುತ್ತಾರೆ, ಯಾರೋ ಮಿಲಿಟರಿಯವನು ಚುನಾವಣೆಗೆ ನಿಂತಿದ್ದಾನೆ ಎನ್ನುವ ಹಾಗೆ. ನಮ್ಮ ಊರಿನ ಮಟ್ಟಿಗೆ ಕೊನೆಯಲ್ಲಿದ್ದ ಮೆಜರು ಒಂದು ಸಣ್ಣ ಬಸ್ಸಿನದು. ವಯಸ್ಸಾದವರು ಫೋನು ಮಾಡಿದರೆ ಅದು ಮನೆ ಬಾಗಿಲಿಗೆ ಬಂದು ದೇವಸ್ಥಾನಕ್ಕೋ ಲೈಬ್ರರಿಗೋ ಡಾಕ್ಟರ ಹತ್ತಿರವೋ ಕರೆದೊಯ್ಯಬೇಕು, ಶನಿವಾರ ಭಾನುವಾರವೂ. ಅದಕ್ಕಾಗಿ ಮನೆಯಿದ್ದವರ ಮೇಲೆ ವರ್ಷಕ್ಕೊಂದು ಚಿಕ್ಕ ತೆರಿಗೆ. ರಘು ನೋಡಿದ್ದು ತೆರಿಗೆಯನ್ನು. ಅತ್ತೆ ನೋಡಿದ್ದು ಬಸ್ಸನ್ನು.

ಈ ಊರಿನಲ್ಲಿ ಕಾರು ಓಡಿಸಲು ಬಾರದವರಿಗೆ ಕಾಲಿದ್ದೂ ಇಲ್ಲ. ಬೆಟ್ಟದ ಮಗ್ಗುಲಿನ ದೇವಸ್ಥಾನ ನಮ್ಮ ಮನೆಯಿಂದ ಹತ್ತು ನಿಮಿಷದ ದಾರಿ. ಆ ಹತ್ತು ನಿಮಿಷಕ್ಕಾಗಿ ಅತ್ತೆ ಎಷ್ಟು ಶನಿವಾರ ಕಾದಿದ್ದಾರೋ! ಸೆಪ್ಟೆಂಬರಿನಲ್ಲಿ ಒಂದು ದಿನ ಅವರು ತಲೆಗೆ ಸ್ನಾನ ಮಾಡಿ, ರೇಷ್ಮೆ ಸೀರೆಯುಟ್ಟು, ಹೂವಿನ ತಟ್ಟೆ ಹಿಡಿದು ಗರಾಜಿನ ಬಾಗಿಲಲ್ಲಿ ನಿಂತಿದ್ದರು. ರಘು ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು ಮೀಟಿಂಗಿನಲ್ಲಿದ್ದ. ಐದು ನಿಮಿಷ ಎಂದು ಬೆರಳು ತೋರಿಸಿದ. ನಾನು ಆಫೀಸಿನ ಕೆಲಸಕ್ಕೆ ಸೌತ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿದ್ದೆ. ನಾನು ಮನೆಗೆ ಬರುವಷ್ಟರಲ್ಲಿ ದೇವಸ್ಥಾನದ ಬಾಗಿಲು ಹಾಕಿ ಎಷ್ಟೋ ಹೊತ್ತಾಗಿತ್ತು. ಅತ್ತೆ ಅದೇ ಸೀರೆಯಲ್ಲಿ ಸೋಫಾದ ಮೇಲೆ ಕೂತು ಹೂವನ್ನು ಒಂದೊಂದಾಗಿ ಬಿಡಿಸುತ್ತಿದ್ದರು. ನನಗೆ ರಘುವಿನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅತ್ತೆ ಮಾತ್ರ ಒಂದು ಮಾತೂ ಆಡಲಿಲ್ಲ.

ಮಾತು ಬಂದದ್ದು ಅಕ್ಟೋಬರಿನಲ್ಲಿ, ಕವರು ತುಂಬುವ ಆ ಭಾನುವಾರ, ಟೇಬಲ್ಲಿನ ಮುಂದೆ.

"ನನ್ ಕವರ್ ಇತ್ಲಾಗ್ ಕೊಡ್ಲಾ ಮಗ," ಎಂದರು ಅತ್ತೆ.

"ಯಾಕವ್ವಾ? ನಾನೇ ಮಾಡ್ತೀನಲ್ಲ."

"ಇಷ್ಟ್ ವರ್ಸ ಮಾಡಿದ್ದು ಸಾಕು. ಈ ಸಲ ಅದ್ರಲ್ಲಿ ಬಸ್ ಐತೆ."

ರಘು ನಕ್ಕ. "ಅವ್ವಾ, ಬಸ್ಸಿಗೆ ಯೆಸ್ ಅಂದ್ರೆ ನಮ್ ಮನೆ ಟ್ಯಾಕ್ಸೇ ಜಾಸ್ತಿ ಆಗೋದು. ನಿಂಗೆ ಎಲ್ಲಿಗ್ ಬೇಕೋ ನಾನ್ ಡ್ರಾಪ್ ಮಾಡಲ್ವಾ?"

"ನೀನ್ ಡ್ರಾಪ್ ಮಾಡೋದ್ ನೋಡಿವ್ನಿ ಬುಡು. ಬಾ ಬಿಂದೂ, ಓದು."

ನಾನು ಓದಿದೆ, ಕನ್ನಡದಲ್ಲಿ ಬಿಡಿಸಿ ಹೇಳಿದೆ. ಅವರು ಕನ್ನಡಕ ಹಾಕಿಕೊಂಡು ತಮಗೆ ಬೇಕಾದ ಕಡೆ ಗುಂಡಗೆ ಕಪ್ಪು ತುಂಬಿದರು. ಎಷ್ಟೋ ಹುದ್ದೆಗಳನ್ನು ಖಾಲಿ ಬಿಟ್ಟರು. "ಗುರ್ತಿಲ್ದೋರ್ಗೆ ನಾನ್ಯಾಕ್ ಆಕ್ಲಿ?" ಎಂದರು. ಬಸ್ಸಿನ ಮೆಜರು ಬಂದಾಗ ಯೆಸ್ಸಿನ ಗುಂಡಿಯನ್ನು ಎಷ್ಟು ಒತ್ತಿ ತುಂಬಿದರೆಂದರೆ ಕಾಗದ ಎಲ್ಲಿ ತೂತಾಗುತ್ತದೋ ಎಂದು ನನಗೆ ಗಾಬರಿ. ಆಮೇಲೆ ಕವರು ಅಂಟಿಸಿ, ತಿರುಗಿಸಿ, ಹಿಂದಿನ ಗೆರೆಯ ಮೇಲೆ ನಿಧಾನವಾಗಿ ಬರೆದರು: ಜವರಮ್ಮ. ಒತ್ತಕ್ಷರ ಗೆರೆ ದಾಟಿ ಕೆಳಗಿಳಿದಿತ್ತು.

"ಅಯ್ಯೋ ಅವ್ವಾ, ಕನ್ನಡದಲ್ಲಲ್ಲ!" ರಘು ಎದ್ದೇ ನಿಂತ. "ಅವರ ಹತ್ರ ಇರೋದು ಇಂಗ್ಲಿಷ್ ಸೈನು."

"ಅದ್ ಯಾರ್ ಆಕಿದ್ದು?"

ರಘು ಕಾಫಿ ಲೋಟದೊಳಗೆ ಮುಖ ಇಟ್ಟ.

"ಬ್ಯಾಂಕಲ್ಲಿ, ಪಂಚಾಯ್ತೀಲಿ, ನಿನ್ ಇಸ್ಕೂಲ್ ಮಾರ್ಕ್ಸ್ ಕಾರ್ಡಲ್ಲಿ ಎಲ್ಲಾ ಇದೇ ರುಜು ಆಕಿರೋದು ನಾನು. ಎಬ್ಬೆಟ್ಟು ಒತ್ತೋಳಲ್ಲ."

ಅವರು ಓದಿದ್ದು ನಾಲ್ಕನೇ ಕ್ಲಾಸು. ಆ ನಾಲ್ಕನೇ ಕ್ಲಾಸಿನ ಬಗ್ಗೆ ಅವರಿಗಿರುವ ಜಂಬ ರಘುವಿಗೆ ತನ್ನ ಎಂಜಿನಿಯರಿಂಗಿನ ಬಗ್ಗೆಯೂ ಇಲ್ಲ. ಅದೇ ಸಂಜೆ ನಾನು ಅವರನ್ನು ಲೈಬ್ರರಿಯ ಮುಂದಿನ ಡ್ರಾಪ್ ಬಾಕ್ಸಿಗೆ ಕರೆದೊಯ್ದೆ. ಕವರನ್ನು ತಮ್ಮ ಕೈಯಿಂದಲೇ ಒಳಗೆ ಹಾಕಿ, ಬಿತ್ತೋ ಇಲ್ಲವೋ ಎಂದು ಸಂದಿಗೆ ಕಿವಿ ಕೊಟ್ಟು ಕೇಳಿದರು.

ಚುನಾವಣೆಯ ದಿನ ನಮ್ಮ ಊಟ ಮುಗಿಯುವಷ್ಟರಲ್ಲಿ ಗವರ್ನರು ಯಾರೆಂದು ಟೀವಿಯವರು ಹೇಳಿಬಿಟ್ಟರು. ಬಸ್ಸಿನ ಕಥೆ ಅಷ್ಟು ಬೇಗ ಮುಗಿಯಲಿಲ್ಲ. ಪೋಸ್ಟಿನಲ್ಲಿ ಬಂದ ವೋಟುಗಳನ್ನು ಇಲ್ಲಿ ವಾರಗಟ್ಟಲೆ ಎಣಿಸುತ್ತಾರೆ. ಮೊದಲ ದಿನ ನೋ ಅನ್ನುವವರು ಮುನ್ನೂರಕ್ಕೂ ಹೆಚ್ಚು ವೋಟಿನಿಂದ ಮುಂದಿದ್ದರು. ಮರುದಿನ ಅಂತರ ಸ್ವಲ್ಪ ಇಳಿಯಿತು, ಅದರ ಮರುದಿನ ಇನ್ನಷ್ಟು. ಪ್ರತಿ ಸಂಜೆ ನಾನು ಕಾರಿನಿಂದ ಇಳಿಯುವ ಮೊದಲೇ ಅತ್ತೆ ಬಾಗಿಲಲ್ಲಿ ನಿಂತು "ಎಷ್ಟಕ್ ಬಂತು?" ಎನ್ನುತ್ತಿದ್ದರು. ನಾನು ಫೋನು ನೋಡಿ ಹೇಳುತ್ತಿದ್ದೆ. "ಊರಲ್ಲಾಗಿದ್ರೆ ಇಷ್ಟೊತ್ಗೆ ಪಟಾಕಿ ಒಡ್ದು ಕಸಾನೂ ಗುಡ್ಸಾಕಿರೋರು," ಎಂದು ಗೊಣಗುತ್ತಿದ್ದರು. ಅಂತರ ನೂರರ ಕೆಳಗೆ ಇಳಿದ ದಿನ ಅವರು ಒಬ್ಬಟ್ಟಿಗೆ ಬೇಳೆ ನೆನೆಹಾಕಿದರು. ಗೆದ್ದ ಮೇಲೆ ಮಾಡೋಣ ಅತ್ತೆ ಎಂದರೆ ಕೇಳಬೇಕಲ್ಲ.

ಅದೇ ವಾರದ ಶುಕ್ರವಾರ ನಾನು ಮನೆಯಿಂದಲೇ ಕೆಲಸ ಮಾಡುತ್ತಿದ್ದೆ. ಬೆಲ್ಲು ಬಾರಿಸಿದವರು ನಸೀಮಾ. ಎರಡು ಬೀದಿ ಆಚೆ ಇರುವ ಮೈಸೂರಿನವರು. ಬಸ್ಸಿನ ಪರವಾಗಿ ಮನೆಮನೆಗೂ ಅಲೆದು ಚಪ್ಪಲಿ ಸವೆಸಿಕೊಂಡವರು.

"ಬಿಂದುಶ್ರೀ, ಜವರಮ್ಮನವರು ಇದಾರಾ? ಅವರ ವೋಟು ಎಣಿಸಿಲ್ಲವಂತಲ್ಲ!"

ನನಗೆ ಅರ್ಥವಾಗಲಿಲ್ಲ. ಅವರೇ ಬಿಡಿಸಿ ಹೇಳಿದರು. ಕವರಿನ ಮೇಲಿನ ಸಹಿ ಕೌಂಟಿಯ, ಅಂದರೆ ಜಿಲ್ಲೆಯ, ಚುನಾವಣಾ ಕಚೇರಿಯಲ್ಲಿರುವ ಹಳೆಯ ಸಹಿಗೆ ತಾಳೆಯಾಗದಿದ್ದರೆ ಕವರನ್ನು ತೆರೆಯುವುದೇ ಇಲ್ಲ, ಪಕ್ಕಕ್ಕೆ ಇಡುತ್ತಾರೆ. ವೋಟು ಹಾಕಿದವರು ಇಂತಿಷ್ಟು ದಿನದೊಳಗೆ ಇದು ನನ್ನದೇ ಎಂದು ಬರೆದು ಸಹಿ ಹಾಕಿಕೊಟ್ಟರೆ ಆಯಿತು. ಇಲ್ಲದಿದ್ದರೆ ಆ ವೋಟು ಕಸ. ಹಾಗೆ ಪಕ್ಕಕ್ಕಿಟ್ಟವರ ಹೆಸರು ಸಿಕ್ಕಿದ್ದರಿಂದ ನಸೀಮಾ ಮತ್ತು ಜೊತೆಯವರು ಒಬ್ಬೊಬ್ಬರ ಮನೆಗೂ ಹೋಗುತ್ತಿದ್ದರು.

"ಕಚೇರಿಯವರು ಮೆಸೇಜೂ ಕಳಿಸಿರ್ತಾರೆ ಕಣ್ರೀ. ಒಂದು ವಾರದ ಮುಂಚೇನೇ ಬಂದಿರಬೇಕು. ನಿಮಗೆ ಬರಲಿಲ್ವಾ?"

ಅತ್ತೆಯ ಹೆಸರಿಗೆ ಕೊಟ್ಟಿದ್ದ ಫೋನ್ ನಂಬರು ರಘುವಿನದು.

ಅಡಿಗೆಮನೆಯ ಬಾಗಿಲಲ್ಲಿ ಅತ್ತೆ ನಿಂತಿದ್ದರು. ಎಲ್ಲವನ್ನೂ ಕೇಳಿಸಿಕೊಂಡಿದ್ದರು. ನಸೀಮಾ ಅವರ ಎರಡೂ ಕೈ ಹಿಡಿದುಕೊಂಡು, "ಸೋಮವಾರದವರೆಗೆ ಟೈಮ್ ಇದೆ ಅಮ್ಮಾ. ನೀವೇ ಕಚೇರಿಗೆ ಹೋಗಿಬಿಡಿ. ಫೋಟೋ ಇರೋ ಕಾರ್ಡ್ ತಗೊಂಡು ಹೋಗಿ, ಹೊಸದಾಗಿ ರಿಜಿಸ್ಟ್ರೇಶನ್ನೂ ಮಾಡಿಸಿ," ಎಂದರು. ಅತ್ತೆ ತಲೆಯಾಡಿಸಿದರು. ಬಂದವರಿಗೆ ಒಂದು ಲೋಟ ಕಾಫಿ ಕೂಡ ಕೊಡದೆ ಕಳಿಸಿದ್ದು ಹದಿನೆಂಟು ವರ್ಷದಲ್ಲಿ ಅದೇ ಮೊದಲು.

ಸಂಜೆ ರಘು ಶೂ ಬಿಚ್ಚುವ ಮೊದಲೇ ಅತ್ತೆ ಕೇಳಿದರು. "ನನ್ ವೋಟ್ ತಗಳಿಲ್ಲ ಅಂತ ನಿಂಗ್ ಗೊತ್ತಿತ್ತೇನ್ಲಾ?"

ರಘು ನನ್ನ ಮುಖ ನೋಡಿದ. ನಾನು ಅವನನ್ನು ಬಚಾವು ಮಾಡಲು ಹೋಗಲಿಲ್ಲ.

"ಗೊತ್ತಿತ್ತವ್ವಾ. ಬಿಡು, ಒಂದ್ ವೋಟಿಂದ ಏನಾಗುತ್ತೆ?"

"ಒಂದ್ ವೋಟಲ್ಲ. ನನ್ ವೋಟು."

"ಹಂಗಲ್ಲ ಅವ್ವಾ." ಅವನು ಕುರ್ಚಿಯ ತುದಿಯಲ್ಲಿ ಕೂತ. ದನಿ ಇಳಿಯಿತು. "ಹಳೇ ಸೈನು ಯಾರ್ ಹಾಕಿದ್ದು ಅಂತ ಅವರೇನಾದ್ರೂ ಕೇಳಿದ್ರೆ? ಇಲ್ಲಿ ಇನ್ನೊಬ್ರ ಸೈನ್ ಹಾಕೋದು ಕ್ರೈಮು. ನಿಜವಾಗ್ಲೂ ಕ್ರೈಮು. ನನ್ ಕೆಲಸ, ನನ್ ಕ್ಲಿಯರೆನ್ಸು ಎಲ್ಲಾ ಹೋಗುತ್ತೆ. ನಾನೇನ್ ಕೆಟ್ಟದ್ದಕ್ ಮಾಡಿದ್ನಾ? ನಿಂಗ್ ಕಷ್ಟ ಆಗ್ಬಾರ್ದು ಅಂತ ತಾನೇ?"

ಅವನಿಗೆ ನಿಜಕ್ಕೂ ಹೆದರಿಕೆಯಾಗಿತ್ತು. ಸರ್ಕಾರದ ಗುಟ್ಟಿನ ಕೆಲಸಕ್ಕೆ ಒಪ್ಪಿಗೆ ಪಡೆದು ನ್ಯಾಷನಲ್ ಲ್ಯಾಬಿನಲ್ಲಿ ಕೆಲಸ ಮಾಡುವವನಿಗೆ ಇಂಥ ಮಾತು ಸಣ್ಣದಲ್ಲ. ಅತ್ತೆಯೂ ಒಂದು ಕುರ್ಚಿ ಎಳೆದುಕೊಂಡು ಕೂತರು. ಆಗ ರಘು, ತಾನು ಗೆದ್ದೆ ಎಂದುಕೊಂಡು, ಇನ್ನೊಂದು ಉಪಾಯ ತೆಗೆದ. ಒಂದು ಬಿಳಿ ಹಾಳೆ ಎಳೆದುಕೊಂಡು, ಮೇಲುಗಡೆ ಇಂಗ್ಲಿಷಿನಲ್ಲಿ ತನ್ನ ಅಮ್ಮನ ಹೆಸರನ್ನು ಅದೇ ಹಳೆಯ ಶೈಲಿಯಲ್ಲಿ ಬರೆದ. ಹಾಳೆಯನ್ನು ಅವರ ಕಡೆ ತಳ್ಳಿದ.

"ಇಷ್ಟೊಂದು ಹಟ ಇದ್ರೆ ಇದನ್ನ ನೋಡ್ಕೊಂಡು ಪ್ರಾಕ್ಟೀಸ್ ಮಾಡು. ಫಾರಮ್ಮಿನ ಮೇಲೆ ಹಿಂಗೇ ಹಾಕ್ಬಿಡು. ಹಳೇದಕ್ಕೆ ಮ್ಯಾಚ್ ಆಗುತ್ತೆ, ವೋಟೂ ಎಣಿಸ್ತಾರೆ, ಯಾರೂ ಏನೂ ಕೇಳಲ್ಲ. ಎಲ್ರಿಗೂ ಒಳ್ಳೇದು."

ಅತ್ತೆ ಹಾಳೆಯನ್ನು ನೋಡಿದರು. ನಾನು ಅವರ ಮುಖ ನೋಡಿದೆ. ಸಿಟ್ಟು ಬರುತ್ತದೆ ಎಂದುಕೊಂಡಿದ್ದೆ. ಮೊದಲು ಬಂದದ್ದು ಅವಮಾನ.

"ನನ್ ಎಸ್ರ ನಾನು ನಿನ್ ಕೈ ನೋಡ್ಕಂಡ್ ಬರೀಬೇಕೇನ್ಲಾ?" ಎಂದರು. "ನಿಂಗ್ ಅ ಆ ಇ ಈ ತಿದ್ಸ್ದೋಳು ನಾನು."

"ಅವ್ವಾ, ಅದಕ್ಕೂ ಇದಕ್ಕೂ..."

"ನಿನ್ನ ಇಡ್ಕೊಡಾಕ್ ಓಯ್ತಿಲ್ಲ ಕಣ್ಲಾ ನಾನು. ಎದ್ರುಕೋಬ್ಯಾಡ. ಆದ್ರೆ ಅಲ್ಲಿ ನಾನ್ ನಾನೇ ಅಂತ ಏಳ್ಬೇಕು ಅಂದ್ರೆ ನನ್ ರುಜೂನೇ ಆಕೋದು. ತಗಂಡ್ರೆ ತಗಳ್ಲಿ. ಇಲ್ದಿದ್ರೆ ಬುಡ್ಲಿ."

"ಕನ್ನಡದಲ್ಲಿ ಹಾಕಿದ್ರೆ ಮತ್ತೆ ರಿಜೆಕ್ಟ್ ಮಾಡ್ತಾರೆ! ಅಷ್ಟ್ ದೂರ ಹೋಗಿ ಸುಮ್ನೆ ವಾಪಸ್ ಬರ್ತೀಯ."

"ಬತ್ತೀನಿ. ಬಿಂದೂ, ಸೋಮವಾರ ರಜ ಆಕು."

ನಾನು ಅಲ್ಲೇ ಕೂತು ಮ್ಯಾನೇಜರಿಗೆ ಮೆಸೇಜು ಮಾಡಿದೆ. ರಘು ಆ ಮೂರು ರಾತ್ರಿ ನನ್ನ ಜೊತೆ ಮಾತಾಡಲಿಲ್ಲ. ಮಾತಾಡದಿದ್ದರೆ ಬೇಡ, ನನಗೇನು.

ಸೋಮವಾರ ಫ್ರೀವೇ ಹಿಡಿದು ಬೆಟ್ಟ ದಾಟಿ ಕೌಂಟಿ ಕಚೇರಿಗೆ ಹೋದೆವು. ಅತ್ತೆ ದೇವಸ್ಥಾನಕ್ಕೆಂದು ಉಟ್ಟಿದ್ದ ಅದೇ ರೇಷ್ಮೆ ಸೀರೆ ಉಟ್ಟಿದ್ದರು, ಮೇಲೆ ನನ್ನ ಹಳೆಯ ಜಾಕೆಟ್ಟು. ಕಾರಿನಲ್ಲಿ ಹ್ಯಾಂಡ್‌ಬ್ಯಾಗಿನಿಂದ ಫೋಟೋ ಇರುವ ಗುರುತಿನ ಕಾರ್ಡನ್ನು ತೆಗೆದು ನೋಡುವುದು, ಮತ್ತೆ ಒಳಗಿಡುವುದು. ಆ ಕಾರ್ಡಿನ ಮೇಲಿನ ರುಜು ಜವರಮ್ಮ ಎಂದು ಕನ್ನಡದಲ್ಲೇ ಇತ್ತು. ಅದನ್ನು ಮಾಡಿಸಿದ ದಿನ ಕೌಂಟರಿನವಳು ಪೆನ್ನನ್ನು ಮಗನ ಕೈಗೆ ಕೊಟ್ಟಿರಲಿಲ್ಲ, ಅಷ್ಟೇ ವ್ಯತ್ಯಾಸ.

ಕಚೇರಿಯಲ್ಲಿ ನಮ್ಮನ್ನು ಕೂರಿಸಿದ್ದು ಮಧ್ಯವಯಸ್ಸಿನ ಒಬ್ಬ ಹೆಂಗಸು. ಮೃದು ಮಾತು. ಕಂಪ್ಯೂಟರಿನ ಪರದೆಯನ್ನು ನಮ್ಮ ಕಡೆ ತಿರುಗಿಸಿದಳು. ಒಂದು ಕಡೆ ರಘುವಿನ ಬಾಗಿದ ಇಂಗ್ಲಿಷ್ ಅಕ್ಷರ, ಇನ್ನೊಂದು ಕಡೆ ಗೆರೆ ದಾಟಿ ಇಳಿದ ಒತ್ತಕ್ಷರ. ಪಕ್ಕಪಕ್ಕದಲ್ಲಿ ನೋಡಿದರೆ ಎರಡೂ ಒಂದೇ ಕೈಯವಲ್ಲವೆಂದು ಎಂಥ ಪೆದ್ದನಿಗೂ ಗೊತ್ತಾಗುತ್ತಿತ್ತು. ಅವಳು ಬಲಗಡೆಯದನ್ನು ತೋರಿಸಿ, ಈ ಕವರಿಗೆ ಸಹಿ ಹಾಕಿದ್ದು ನೀವೇನಾ ಎಂದು ಕೇಳಿದಳು. ನಾನು ಕನ್ನಡಕ್ಕೆ ತಿರುಗಿಸಲು ಬಾಯಿ ತೆರೆಯುವ ಮೊದಲೇ ಅತ್ತೆ ಎದೆಯ ಮೇಲೆ ಕೈಯಿಟ್ಟುಕೊಂಡು ಇಂಗ್ಲಿಷಿನಲ್ಲಿ ಹೇಳಿದರು, "ಮೀ. ದಿಸ್ ಒನ್, ಮೀ."

ಆಮೇಲೆ ಬೆರಳು ಎಡಗಡೆಯದರ ಮೇಲೆ ಹೋಯಿತು.

"ದಟ್ ಒನ್..."

ಸುಳ್ಳು ಹೇಳಿ ಅತ್ತೆ ಎನ್ನಬೇಕು ಅನ್ನಿಸಿತು. ಹೇಳಬೇಡಿ ಅತ್ತೆ ಎಂದೂ ಅನ್ನಿಸಿತು. ಮಗ ಅವರಿಗೆ ಪ್ರಾಣ. ಹಾಗೆಂದು ಅವನು ಬರೆದದ್ದನ್ನು ತಮ್ಮದೆನ್ನಲು ಅವರ ನಾಲಿಗೆ ಹೊರಳುತ್ತಿರಲಿಲ್ಲ. ಅತ್ತೆ ಬೆರಳನ್ನು ಅಲ್ಲೇ ಇಟ್ಟು ನನ್ನ ಕಡೆ ತಿರುಗಿದರು.

"ಏಳು ಬಿಂದೂ. ಅದ್ ಓಗ್ಲಿ, ಇನ್ಮೇಲೆ ಅದ್ ಬ್ಯಾಡ, ತೆಗ್ದಾಕಿ ಅಂತ ಏಳು. ಇಷ್ಟೇ ಏಳು."

ನಾನು ಅಷ್ಟನ್ನೇ ಹೇಳಿದೆ. ಆ ಹೆಂಗಸು ಅತ್ತೆಯನ್ನು, ಆಮೇಲೆ ನನ್ನನ್ನು, ಆಮೇಲೆ ಪರದೆಯನ್ನು ನೋಡಿದಳು. ಅವಳಿಗೆ ಗೊತ್ತಾಯಿತು ಎಂದೇ ನನ್ನ ನಂಬಿಕೆ. ನಮ್ಮಂಥ ಎಷ್ಟು ಮನೆಗಳನ್ನು ಅವಳು ಆ ಕುರ್ಚಿಯಿಂದಲೇ ನೋಡಿದ್ದಾಳೋ. ತನಗೆ ಬೇಕಾಗಿರುವುದು ಈ ಕವರಿನ ವಿಷಯ ಮಾತ್ರ ಎಂದು ಹೇಳಿ ಎರಡು ಫಾರಮು ಮುಂದಿಟ್ಟಳು: ಒಂದು ಈ ವೋಟು ನನ್ನದೇ ಎಂದು ರುಜುವಾತು ಮಾಡುವುದಕ್ಕೆ, ಇನ್ನೊಂದು ಹೊಸದಾಗಿ ಹೆಸರು ನೋಂದಾಯಿಸುವುದಕ್ಕೆ. ಫೋನ್ ನಂಬರಿನ ಜಾಗದಲ್ಲಿ ಅತ್ತೆ ನನ್ನ ನಂಬರು ಬರೆಯಿಸಿದರು. ಸಹಿಯ ಜಾಗ ಬಂದಾಗ ಪೆನ್ನನ್ನು ನನ್ನ ಕೈಯಿಂದ ಕಿತ್ತುಕೊಂಡರು.

ಎರಡರ ಮೇಲೂ ಅದೇ ಜ, ಅದೇ ವ, ಅದೇ ಇಳಿದ ಒತ್ತು. ಹೆಂಗಸು ಅವನ್ನು ಗುರುತಿನ ಕಾರ್ಡಿನ ಪಕ್ಕ, ಕವರಿನ ಚಿತ್ರದ ಪಕ್ಕ ಹಿಡಿದು ನೋಡಿದಳು. ಮೇಲಿನವರು ಇನ್ನೊಮ್ಮೆ ನೋಡುತ್ತಾರೆ, ನಾನು ಮಾತು ಕೊಡಲಾರೆ ಎಂದಳು. ಮುಂದೆಯೂ ಇದೇ ರೀತಿ ಹಾಕಬೇಕು, ಬದಲಾಯಿಸಬಾರದು ಎಂದು ಎಚ್ಚರಿಸಿದಳು.

ನಾನು ಅದನ್ನು ಹೇಳಿದಾಗ ಅತ್ತೆ ಗದರಿದರು. "ಬದ್ಲಾಯ್ಸಿದ್ದು ನಾನಾ?"

ಇದನ್ನು ಮಾತ್ರ ನಾನು ಇಂಗ್ಲಿಷಿಗೆ ತಿರುಗಿಸಲಿಲ್ಲ. ಹೊರಗೆ ಬಂದ ಮೇಲೆ ಇಬ್ಬರೂ ಕಾರಿನಲ್ಲಿ ಕೂತು, ಯಾಕೆಂದು ಹೇಳಲಾರೆ, ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು.

ಗುರುವಾರ ಮಧ್ಯಾಹ್ನ ನನ್ನ ಫೋನಿಗೆ ಮೆಸೇಜು ಬಂತು: ನಿಮ್ಮ ವೋಟನ್ನು ಎಣಿಸಲಾಗಿದೆ. ನಾನು ಮೀಟಿಂಗಿನ ನಡುವೆಯೇ ಎದ್ದು ಮನೆಗೆ ಫೋನು ಮಾಡಿದೆ. ಅತ್ತೆ "ಊಂ" ಎಂದರು. ಮತ್ತೊಮ್ಮೆ ಹೇಳು ಎಂದರು. ಮತ್ತೊಮ್ಮೆ ಹೇಳಿದೆ. ಫೋನಿನಲ್ಲಿ ಅವರು ಮೂಗು ಒರೆಸಿಕೊಳ್ಳುವುದು ಕೇಳಿಸಿತು.

ಡಿಸೆಂಬರಿನ ಮೊದಲ ವಾರ ಕೊನೆಯ ಫಲಿತಾಂಶ ಬಂತು. ರಘುವೇ ಲ್ಯಾಪ್‌ಟಾಪಿನಲ್ಲಿ ನೋಡಿ ಹೇಳಿದ. ಕಚೇರಿಯಿಂದ ಯಾರೂ ಏನೂ ಕೇಳದೆ ಇದ್ದದ್ದರಿಂದ ಅವನ ಹೆದರಿಕೆ ಅಷ್ಟುಹೊತ್ತಿಗೆ ಇಳಿದಿತ್ತು, ನನ್ನ ಜೊತೆ ಮಾತೂ ಶುರುವಾಗಿತ್ತು. ಬಸ್ಸಿನ ಮೆಜರು ಮೂವತ್ತೊಂದು ವೋಟಿನಿಂದ ಸೋತಿತ್ತು.

ನನಗೆ ಅಳು ಬಂತು, ಮುಚ್ಚಿಡುವುದೇನು. ನಸೀಮಾ ಅವರ ಸವೆದ ಚಪ್ಪಲಿ ಕಣ್ಣ ಮುಂದೆ ಬಂತು. ಗರಾಜಿನ ಬಾಗಿಲಲ್ಲಿ ಕಾಯುವ ಶನಿವಾರಗಳೆಲ್ಲ ಹಾಗೇ ಉಳಿದವು. ರಘು ಕೆಟ್ಟವನಲ್ಲ, ಆದರೆ ಗೆದ್ದಾಗ ಬಾಯಿ ಮುಚ್ಚಿಕೊಂಡಿರುವುದು ಅವನಿಗೆ ಬರುವುದಿಲ್ಲ.

"ನೋಡ್ದಾ ಅವ್ವಾ? ಅಷ್ಟೆಲ್ಲಾ ಓಡಾಡಿ, ರಜ ಹಾಕ್ಸಿ, ಏನ್ ಸಿಕ್ತು? ನಿನ್ ವೋಟ್ ಸೇರಿದ್ರೂ ಸೋಲ್ತು."

ಅತ್ತೆ ಸೊಪ್ಪು ಬಿಡಿಸುತ್ತಿದ್ದರು. ಕೈ ನಿಲ್ಲಲಿಲ್ಲ.

"ಎಷ್ಟ್ರಲ್ಲಿ ಸೋಲ್ತು ಅಂದೆ?"

"ಮೂವತ್ತೊಂದು."

"ನನ್ನ ಸೇರ್ಸಿ?"

"ಹೂಂ, ನಿನ್ನ ಸೇರ್ಸಿ. ಇಲ್ದಿದ್ರೆ ಮೂವತ್ತೆರಡು. ಏನ್ ದೊಡ್ಡ ವ್ಯತ್ಯಾಸ?" ಅವನು ಸಮಾಧಾನದ ದನಿ ತೆಗೆದ. "ಹೋದ ಸಲ, ಅದರ ಹಿಂದಿನ ಸಲ ನೆನಪಿದ್ಯಾ? ನಾನ್ ಹಾಕಿದ್ದೆಲ್ಲ ಗೆದ್ದಿತ್ತು. ನಿನ್ ವೋಟೂ ಗೆದ್ದಿತ್ತು. ಸುಮ್ನೆ ನಂಗೆ ಬಿಟ್ಟಿದ್ರೆ..."

ಅತ್ತೆ ಆಗ ತಲೆಯೆತ್ತಿದರು. ದನಿ ಏರಿಸಲಿಲ್ಲ.

"ಸೋತ್ರೆ ಸೋಲ್ಲಿ ಕಣ್ಲಾ. ಇದು ನಾನ್ ಆಕಿ ಸೋತಿದ್ದು. ನೀನ್ ಆಕಿ ಗೆದ್ದಿದ್ರಲ್ಲಿ ನಂದು ಒಂದೂ ಇರ್ಲಿಲ್ಲ."

ರಘು ಲ್ಯಾಪ್‌ಟಾಪು ಮುಚ್ಚಿದ.

ಅತ್ತೆ ಸೊಪ್ಪಿನ ಕಡ್ಡಿಗಳನ್ನು ಒಟ್ಟುಮಾಡಿ ನನ್ನ ಕಡೆ ತಿರುಗಿದರು. "ಬಿಂದೂ, ಮುಂದಿನ್ ಕವರ್ ಯಾವಾಗ್ ಬತ್ತದೆ?"